ಗುಂಡಿ ಡಬ್ಬದೊಳಗಿನ ಇಂಗ್ಲಿಷು

ಜಿಆರ್‌ಇ ಅನ್ನೋ ಪರೀಕ್ಷೆಯ ಹೆಸರು ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಹೊಸದೇನಲ್ಲ. ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೋಗಬೇಕು ಅನ್ನೋ ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಅದರ ಮಾತು ಬಂದೇ ಬರುತ್ತೆ. ಅದರಲ್ಲಿ ಗಣಿತದ ಭಾಗಕ್ಕೆ ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಅಷ್ಟಾಗಿ ಹೆದರೋದಿಲ್ಲ. ಹೆಚ್ಚುಕಡಿಮೆ ಹೈಸ್ಕೂಲಿನ ಗಣಿತವೇ, ಸ್ವಲ್ಪ ತಿರುಚಿ ಕೇಳ್ತಾರೆ. ನಿದ್ದೆ ಕೆಡಿಸೋದು ಇನ್ನೊಂದು ಭಾಗ, ವರ್ಬಲ್. ಅಲ್ಲಿ ಬರೋ ಇಂಗ್ಲಿಷ್ ಪದಗಳು ಆಫೀಸಿನಲ್ಲಾಗಲೀ ಸಿನಿಮಾದಲ್ಲಾಗಲೀ ನಮ್ಮ ಕಿವಿಗೆ ಬಿದ್ದಿರೋದಿಲ್ಲ. ‘ಪುಸಿಲಾನಿಮಸ್’ ಅಂತ ಯಾರಾದ್ರೂ ಯಾರನ್ನಾದ್ರೂ ಬೈದಿದ್ದನ್ನ ಕೇಳಿದ್ದೀರಾ? ನಾನಂತೂ ಕೇಳಿರಲಿಲ್ಲ.

ನಾನು ಹತ್ತನೇ ತರಗತಿಯ ತನಕ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪ ಬಸ್ ಕಂಡಕ್ಟರ್ ಆಗಿದ್ದು ಈಗ ನಿವೃತ್ತರು, ಅವ್ವ ಮನೆಯಲ್ಲೇ ಬಟ್ಟೆ ಹೊಲೀತಾಳೆ. ಪಿಯುಸಿಗೆ ಸೈನ್ಸ್ ತಗೊಂಡಾಗ ಮೊದಲ ಮೂರು ತಿಂಗಳು ಫಿಸಿಕ್ಸ್ ಪಾಠವನ್ನ ಕನ್ನಡ ಅಕ್ಷರದಲ್ಲಿ ಬರ್ಕೊಳ್ತಿದ್ದೆ. ಮೇಷ್ಟ್ರು ಹೇಳಿದ್ದು ಕಿವಿಗೆ ಹೇಗೆ ಬಿತ್ತೋ ಹಾಗೆ. ಸಂಜೆ ಮನೆಗೆ ಬಂದು ಪುಸ್ತಕ ತೆಗೆದು, ಈ ಶಬ್ದಕ್ಕೆ ಯಾವ ಸ್ಪೆಲ್ಲಿಂಗು ಅಂತ ಜೋಡಿಸ್ತಾ ಕೂರೋದು. ಹಾಗೇ ಬಿ.ಇ. ಸಿವಿಲ್ ಮುಗೀತು, ಬೆಂಗಳೂರಿನಲ್ಲಿ ನೀರು ಸರಬರಾಜಿನ ವಿನ್ಯಾಸ ಮಾಡುವ ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ತು. ಆದರೆ ಮೀಟಿಂಗಿನಲ್ಲಿ ಯಾರಾದ್ರೂ ಲೆಕ್ಕ ತಪ್ಪು ಹೇಳಿದಾಗ ಅದು ತಪ್ಪು ಅಂತ ಹೇಳೋಕೆ ನನಗೆ ಗೊತ್ತಿರ್ತಿತ್ತು, ಬಾಯಿ ಬರ್ತಿರಲಿಲ್ಲ. ಇಂಗ್ಲಿಷ್ ನನಗೆ ಭಾಷೆ ಅನ್ನೋದಕ್ಕಿಂತ ಹೆಚ್ಚಾಗಿ ಒಂದು ಗೇಟು ಇದ್ದ ಹಾಗೆ. ಆ ಕಡೆ ಇದ್ದವರು ಅದನ್ನ ಗೇಟು ಅಂತ ನೋಡಿಯೇ ಇರೋದಿಲ್ಲ.

ಜಲಸಂಪನ್ಮೂಲ ವಿಷಯದಲ್ಲಿ ಎಂ.ಎಸ್. ಮಾಡಬೇಕು ಅನ್ನೋ ಆಸೆ ಮೂರು ವರ್ಷ ಮನಸ್ಸಿನಲ್ಲೇ ಇತ್ತು. ಈಗ ಅನೇಕ ವಿಶ್ವವಿದ್ಯಾಲಯಗಳು ಜಿಆರ್‌ಇ ಕಡ್ಡಾಯವಲ್ಲ ಅಂತ ಹೇಳ್ತಿವೆ. ಆದರೆ ನನ್ನ ಪಟ್ಟಿಯಲ್ಲಿದ್ದ ಎರಡು ಕಡೆ ಕೇಳಿದ್ದರು. ಪರೀಕ್ಷೆಯ ಶುಲ್ಕ 20,000 ರೂಪಾಯಿ ದಾಟುತ್ತೆ. ಅವ್ವನ ಲೆಕ್ಕದಲ್ಲಿ ಅದು ಎಷ್ಟು ರವಿಕೆ ಅಂತ ನಾನು ಲೆಕ್ಕ ಹಾಕಿಲ್ಲ, ಅವಳು ಖಂಡಿತ ಹಾಕಿರ್ತಾಳೆ. ಎರಡು ಸಲ ಬರೆಯೋ ಮಾತೇ ಇಲ್ಲ ಅಂತ ಅವತ್ತೇ ತೀರ್ಮಾನ ಆಯ್ತು.

ಪರೀಕ್ಷೆ ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಡೆಸೋದು ಅಮೆರಿಕದ ಇಟಿಎಸ್ ಸಂಸ್ಥೆ. 2011ರ ಆಗಸ್ಟ್‌ಗಿಂತ ಮುಂಚೆ ಇದರಲ್ಲಿ ವಿರುದ್ಧ ಪದ ಕೇಳ್ತಿದ್ದರು. ಒಂದು ಪದ ಕೊಟ್ಟು ಅದರ ಉಲ್ಟಾ ಯಾವುದು ಅಂತ. ಪದ ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಆಗಿನವರು ದಪ್ಪ ಪುಸ್ತಕಗಳಲ್ಲಿದ್ದ 3,500 ಪದಗಳ ಪಟ್ಟಿಯನ್ನ ಮಗ್ಗಿ ಹಾಗೆ ಬಾಯಿಪಾಠ ಮಾಡ್ತಿದ್ದರು. ಈಗ ಆ ಪ್ರಶ್ನೆಗಳಿಲ್ಲ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯ ಅವಧಿಯೂ ಎರಡು ಗಂಟೆಗಿಂತ ಕಡಿಮೆಗೆ ಇಳಿದಿದೆ. ಒಂದು ಪ್ರಬಂಧಕ್ಕೆ 30 ನಿಮಿಷ, ವರ್ಬಲ್‌ನಲ್ಲಿ ಎರಡು ಭಾಗ ಸೇರಿ 27 ಪ್ರಶ್ನೆ, 41 ನಿಮಿಷ. ಮೊದಲ ಭಾಗದಲ್ಲಿ ನೀವು ಹೇಗೆ ಮಾಡಿದಿರಿ ಅನ್ನೋದರ ಮೇಲೆ ಎರಡನೇ ಭಾಗ ಸುಲಭವೋ ಕಷ್ಟವೋ ಆಗುತ್ತೆ. ಅಂಕ 130ರಿಂದ ಶುರುವಾಗಿ 170ಕ್ಕೆ ಮುಗಿಯುತ್ತೆ.

ಬಿಟ್ಟ ಸ್ಥಳ ತುಂಬೋದು ಒಂದು ಬಗೆ. ಒಂದು, ಎರಡು ಅಥವಾ ಮೂರು ಖಾಲಿ ಜಾಗ ಇರುತ್ತೆ, ಮೂರರಲ್ಲಿ ಎರಡು ಸರಿ ಮಾಡಿದರೂ ಅಂಕ ಸೊನ್ನೆ. ಇನ್ನೊಂದು ಬಗೆಯಲ್ಲಿ ಒಂದೇ ಖಾಲಿ ಜಾಗ, ಆರು ಪದ. ಅದರಲ್ಲಿ ಎರಡನ್ನ ಆರಿಸಬೇಕು, ಎರಡರಲ್ಲಿ ಯಾವುದನ್ನ ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಬೇಕು. ‘ಆಕೆ ಎಷ್ಟು ಇಂಥವಳು ಅಂದ್ರೆ, ಮೂರು ಗಂಟೆ ಸಭೆಯಲ್ಲಿ ಕೂತರೂ ಮೂರು ಮಾತಾಡಲಿಲ್ಲ’ ಅನ್ನೋ ಥರದ ವಾಕ್ಯ ಅಂತಿಟ್ಕೊಳ್ಳಿ. ಆರು ಪದಗಳ ನಡುವೆ ‘ಟ್ಯಾಸಿಟರ್ನ್’ ಮತ್ತು ‘ರೆಟಿಸೆಂಟ್’ ಅನ್ನೋ ಎರಡನ್ನ ಹುಡುಕಿ ಗುರುತು ಹಾಕಬೇಕು. ಅಂದರೆ ಪದದ ಅರ್ಥ ಗೊತ್ತಿದ್ದರೆ ಸಾಲದು, ಅದರ ತೂಕವೂ ಗೊತ್ತಿರಬೇಕು. ಯಾವ ಪದ ಹೊಗಳಿಕೆ, ಯಾವುದು ಬೈಗುಳ, ಯಾವುದು ಬರೀ ಮಾಹಿತಿ ಅಂತ.

ತೂಕದ ವಿಷಯ ಬಂದ ಮೇಲೆ ಅವ್ವನ ಮಾತು ಬರಲೇಬೇಕು. ಅವ್ವ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ವಾರಪತ್ರಿಕೆಯ ಪದಬಂಧದಲ್ಲಿ ನಮ್ಮ ಬೀದಿಗೇ ಅವಳು ಗುರು. ಪೆನ್ಸಿಲ್ ಹಿಡಿದು ಕೂತರೆ ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತು ಅರ್ಧ ಗಂಟೆಯಲ್ಲಿ ಮುಗಿಸ್ತಾಳೆ. ನಾನು ಪದಗಳ ಪಟ್ಟಿ ಇಟ್ಕೊಂಡು ಒಂದು ಶನಿವಾರ ಊರಿಗೆ ಹೋದಾಗ, ‘ಅದೇನೇ ಅಷ್ಟೊಂದು, ತಾ ಇಲ್ಲಿ, ನಾನು ಕೇಳ್ತೀನಿ ನೀನು ಹೇಳು’ ಅಂತ ಕಿತ್ಕೊಂಡಳು. ಇಂಗ್ಲಿಷ್ ಓದೋದು ಅವಳಿಗೆ ನಿಧಾನ. ಅದಕ್ಕೆ ನಾನು ಪ್ರತಿ ಪದವನ್ನೂ ಕನ್ನಡ ಅಕ್ಷರದಲ್ಲೂ ಬರೆದುಕೊಟ್ಟೆ. ಪಿಯುಸಿಯಲ್ಲಿ ಮಾಡ್ತಿದ್ದ ಕೆಲಸ ಹತ್ತು ವರ್ಷದ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಹಳೇ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತಲ್ಲ, ಅದನ್ನ ಅವ್ವ ತನ್ನ ದೊಡ್ಡ ಕತ್ತರಿಯಲ್ಲಿ ಒಂದೇ ಅಳತೆಗೆ ಕತ್ತರಿಸಿಕೊಟ್ಟಳು. ಒಂದು ಕಡೆ ಪದ, ಇನ್ನೊಂದು ಕಡೆ ಕನ್ನಡದ ಅರ್ಥ ಮತ್ತು ಒಂದು ಇಂಗ್ಲಿಷ್ ವಾಕ್ಯ. ಇಡೋದಕ್ಕೆ ಅವಳ ಗುಂಡಿ ಡಬ್ಬ. ಅದರಲ್ಲಿ ಐದು ಮನೆ ಇದ್ದವು, ಒಂದೊಂದು ಬಣ್ಣದ ಗುಂಡಿಗೆ ಒಂದೊಂದು. ಗುಂಡಿಗಳೆಲ್ಲ ಹಾರ್ಲಿಕ್ಸ್ ಬಾಟಲಿಗೆ ವರ್ಗವಾದವು.

ಈ ಐದು ಮನೆಯ ಲೆಕ್ಕ ನನ್ನ ಸ್ವಂತದ್ದಲ್ಲ. ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಜರ್ಮನ್ ಪತ್ರಕರ್ತ 1972ರಲ್ಲಿ ಬರೆದ ಒಂದು ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿದ ಉಪಾಯ. ಹೊಸ ಚೀಟಿ ಮೊದಲ ಮನೆಗೆ. ಸರಿ ಹೇಳಿದರೆ ಮುಂದಿನ ಮನೆಗೆ ಬಡ್ತಿ, ತಪ್ಪಿದರೆ ಯಾವ ಮನೆಯಲ್ಲಿದ್ದರೂ ಸೀದಾ ಮೊದಲನೇ ಮನೆಗೆ ವಾಪಸ್ಸು. ಮೊದಲ ಮನೆಯದನ್ನ ದಿನಾ ಕೇಳಬೇಕು, ಎರಡನೆಯದನ್ನ ದಿನ ಬಿಟ್ಟು ದಿನ, ಮೂರನೆಯದನ್ನ ನಾಲ್ಕು ದಿನಕ್ಕೊಮ್ಮೆ, ಆಮೇಲೆ ವಾರಕ್ಕೆ, ಕೊನೆಯದನ್ನ ಹದಿನೈದು ದಿನಕ್ಕೆ ಅಂತ ನಾವು ಇಟ್ಕೊಂಡೆವು. ಇದರ ಹಿಂದಿರೋದು ಇನ್ನೂ ಹಳೇ ವಿಷಯ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಶಬ್ದಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ದ. ಕಲಿತ ಮೊದಲ ದಿನದಲ್ಲೇ ಬಹುಪಾಲು ಸೋರಿಹೋಗುತ್ತೆ, ಉಳಿದದ್ದು ಆಮೇಲೆ ನಿಧಾನವಾಗಿ ಸೋರುತ್ತೆ. ಸೋರುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸಿಕೊಂಡರೆ ಪ್ರತಿ ಸಲವೂ ಗಟ್ಟಿಯಾಗುತ್ತೆ. ನಮ್ಮವ್ವ ಇದನ್ನ ಕೇಳಿ, ‘ಹೊಸ ಮಡಕೆಗೆ ನೀರು ಹಾಕಿದ ಹಾಗೆ ಅನ್ನು, ಮೊದಮೊದಲು ಒಸರುತ್ತೆ’ ಅಂದಳು.

ಡಬ್ಬ ಊರಲ್ಲೇ ಉಳೀತು. ರಾತ್ರಿ ಒಂಬತ್ತಕ್ಕೆ ಹೊಲಿಗೆ ಯಂತ್ರ ನಿಲ್ಲಿಸಿ ಅವ್ವ ಫೋನ್ ಮಾಡೋಳು. ಬೆಂಗಳೂರಿನ ಪಿ.ಜಿ.ಯ ಟೆರೇಸಿನಲ್ಲಿ ನಿಂತು ನಾನು ಅರ್ಥ ಹೇಳೋದು. ಜೂನ್‌ನಿಂದ ಜನವರಿ ತನಕ, ಹಬ್ಬ ಹುಣ್ಣಿಮೆ ಬಿಡದ ಹಾಗೆ ನಡೀತು. ಮೊಬೈಲಿನಲ್ಲಿ ಇದೇ ಕೆಲಸ ಮಾಡೋ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಆ್ಯಪ್ ‘ಊಟ ಆಯ್ತಾ’ ಅಂತ ಕೇಳಲ್ಲ, ತಪ್ಪು ಹೇಳಿದಾಗ ‘ಮೊನ್ನೆ ಸರಿಯಾಗಿ ಹೇಳಿದ್ಯಲ್ಲೇ, ಇವತ್ತು ಏನಾಯ್ತು ಆಫೀಸಲ್ಲಿ’ ಅಂತಲೂ ಕೇಳಲ್ಲ.

ಶುರುವಿನಲ್ಲಿ ನಾನು ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟನ್ನ ಹಳೇ ಪುಸ್ತಕದಂಗಡಿಯಿಂದ ತಂದು ಅರ್ಥ ಬರೀತಿದ್ದೆ. ಅವ್ವನಿಗೆ ಬರೀ ನಿಘಂಟಿನ ಅರ್ಥ ಸಾಲ್ತಿರಲಿಲ್ಲ. ‘ಪಾರ್ಸಿಮೋನಿಯಸ್’ಗೆ ನಾನು ‘ಜಿಪುಣ’ ಅಂತ ಬರೆದಿದ್ದರೆ ಅವಳದು ಮುಂದಿನ ಪ್ರಶ್ನೆ: ‘ಮತ್ತೆ ಈ ಫ್ರೂಗಲ್ಲಿಗೂ ಇದಕ್ಕೂ ಏನು ವ್ಯತ್ಯಾಸ?’ ಫ್ರೂಗಲ್ ಅನ್ನೋದು ಒಳ್ಳೇ ಮಾತು, ಹಿಡಿತದಲ್ಲಿ ಖರ್ಚು ಮಾಡೋದು. ಪಾರ್ಸಿಮೋನಿಯಸ್ ಬೈಗುಳ. ಮೈಸರ್ಲಿ ಅಂದ್ರೆ ಇನ್ನೂ ಕೆಟ್ಟದ್ದು, ದುಡ್ಡಿದ್ದೂ ತನಗೇ ಉಣ್ಣದವನು. ಅವ್ವ ಮೂರಕ್ಕೂ ನಮ್ಮ ಊರಿನ ಮೂರು ಜನರನ್ನ ಹಚ್ಚಿದಳು. ಮೊದಲನೆಯದು ನಮ್ಮಜ್ಜಿ, ಎರಡನೆಯದು ಒಬ್ಬ ಅಂಗಡಿಯವರು, ಮೂರನೆಯದು ಎಂಜಲು ಕೈಲಿ ಕಾಗೆ ಓಡಿಸದ ಒಬ್ಬ ಜಮೀನ್ದಾರರು. ಹೆಸರು ಬರೆಯೋ ಹಾಗಿಲ್ಲ. ಆದರೆ ಆ ಮೂರು ಪದ ನನಗೆ ಈ ಜನ್ಮಕ್ಕೆ ಮರೆಯಲ್ಲ.

ಹೀಗೆ ಚೀಟಿಗಳ ಹಿಂಬದಿ ಬದಲಾಗ್ತಾ ಹೋಯ್ತು. ‘ಈಕ್ವಿವೊಕೇಟ್’ ಅಂದ್ರೆ ಅಡ್ಡಗೋಡೆ ಮೇಲೆ ದೀಪ ಇಡೋದು. ‘ಅಫಿಷಿಯಸ್’ ಅಂದ್ರೆ ಅಧಿಕಪ್ರಸಂಗಿ, ಕೇಳದೇ ಇದ್ದರೂ ಮಧ್ಯೆ ಬಂದು ಬುದ್ಧಿ ಹೇಳೋನು. ‘ಪೆಡ್ಯಾಂಟಿಕ್’ಗೆ ಪುಸ್ತಕದ ಬದನೆಕಾಯಿ ಹತ್ತಿರದ ಮಾತು. ‘ಹ್ಯಾಕ್ನೀಡ್’ ಸವಕಲು. ‘ಕ್ವೆರ್ಯುಲಸ್’ ಯಾವಾಗಲೂ ಗೊಣಗೋ ಗಿರಾಕಿ. ಎಷ್ಟು ಚೆನ್ನಾಗಿ ಹೊಲಿದರೂ ತೋಳು ಬಿಗಿ ಅನ್ನೋರು. ‘ಪರ್ಫಿಡಿ’ ಅಂದ್ರೆ ಉಂಡ ಮನೆಯ ಜಂತೆ ಎಣಿಸೋದು. ಇಂಗ್ಲಿಷ್ ಪದ ನೋಡಿದರೆ ಇಂಗ್ಲಿಷ್ ಅರ್ಥ ನೆನಪಾಗ್ತಿರಲಿಲ್ಲ, ಅವ್ವನ ಧ್ವನಿ ನೆನಪಾಗ್ತಿತ್ತು. ಅರ್ಥ ಅದರ ಹಿಂದೆ ಬರ್ತಿತ್ತು.

ಪದಗಳನ್ನ ಒಡೆದು ನೋಡೋದು ಇನ್ನೊಂದು ದಾರಿ. ಇದನ್ನ ಕನ್ನಡ ಶಾಲೆಯಲ್ಲಿ ಸಂಧಿ ಸಮಾಸ ಕಲಿತವರಿಗೆ ಹೇಳಿಕೊಡಬೇಕಾಗಿಲ್ಲ. ಲ್ಯಾಟಿನ್ನಿನಲ್ಲಿ ‘ಅನಿಮಸ್’ ಅಂದ್ರೆ ಮನಸ್ಸು, ಆತ್ಮ. ಎಲ್ಲರ ಮನಸ್ಸು ಒಂದೇ ಆದರೆ ‘ಯುನಾನಿಮಸ್’. ಸಮವಾದ ಮನಸ್ಸು ‘ಈಕ್ವನಿಮಿಟಿ’. ‘ಮ್ಯಾಗ್ನಸ್’ ಅಂದರೆ ದೊಡ್ಡದು. ನಮ್ಮ ‘ಮಹಾ’ ಮತ್ತು ಅದು ಒಂದೇ ಬೇರಿನ ಚಿಗುರು. ಹಾಗಾಗಿ ‘ಮ್ಯಾಗ್ನಾನಿಮಸ್’ ಅನ್ನೋದನ್ನ ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ಮಹಾತ್ಮ! ‘ಪುಸಿಲ್ಲಸ್’ ಅಂದ್ರೆ ತೀರಾ ಚಿಕ್ಕದು. ಚಿಕ್ಕ ಆತ್ಮದವನು, ಅಂದರೆ ಪುಕ್ಕಲ, ಪುಸಿಲಾನಿಮಸ್. ಮೊದಲು ಹಾವಿನ ಹಾಗೆ ಉದ್ದಕ್ಕೆ ಕಂಡ ಪದ ಹೀಗೆ ಎರಡು ತುಂಡಾಗಿ ಕೈಗೆ ಬರುತ್ತೆ. ‘ಲಕಾನಿಕ್’ ಅನ್ನೋ ಪದ ಗ್ರೀಸಿನ ಲಕೋನಿಯ ಪ್ರಾಂತ್ಯದಿಂದ ಬಂದದ್ದು. ಸ್ಪಾರ್ಟಾ ಇದ್ದದ್ದು ಅಲ್ಲೇ. ಮೆಸಿಡೋನಿಯಾದ ರಾಜ ಫಿಲಿಪ್, ನಾನೇನಾದರೂ ನಿಮ್ಮ ನೆಲಕ್ಕೆ ಬಂದರೆ ನಿಮ್ಮನ್ನ ನಿರ್ನಾಮ ಮಾಡ್ತೀನಿ ಅಂತ ಹೇಳಿಕಳಿಸಿದಾಗ, ಸ್ಪಾರ್ಟಾದವರು ‘ಬಂದರೆ’ ಅಂತ ಒಂದೇ ಪದದ ಉತ್ತರ ಕೊಟ್ಟರು ಅನ್ನೋ ಕತೆ ಇದೆ. ಇದನ್ನ ಕೇಳಿ ಅಪ್ಪ ತುಂಬಾ ಖುಷಿಪಟ್ಟರು. ಅವರೂ ಅದೇ ಜಾತಿಯವರು, ದಿನಕ್ಕೆ ಹತ್ತು ಮಾತು.

ಅಪ್ಪನ ಇಂಗ್ಲಿಷು ಬಸ್ಸಿನ ಇಂಗ್ಲಿಷು. ರೈಟ್, ಹೋಲ್ಡಾನ್, ಚೇಂಜ್, ಸ್ಟೇಜ್, ಚೆಕಿಂಗ್. ಆದರೆ ಜಿಆರ್‌ಇಯ ಒಂದು ಕಳ್ಳಾಟ ಗೊತ್ತಾದ ಮೇಲೆ ಅವರೂ ಆಟಕ್ಕೆ ಸೇರಿದರು. ಈ ಪರೀಕ್ಷೆಗೆ ಸುಲಭದ ಪದಗಳ ಅಪರೂಪದ ಅರ್ಥ ಅಂದ್ರೆ ಪ್ರೀತಿ. ‘ಚೆಕ್’ ಅಂದ್ರೆ ಪರಿಶೀಲಿಸೋದು ಮಾತ್ರ ಅಲ್ಲ, ತಡೆಯೋದು. ನಮ್ಮ ಭಾಷೆಯ ಚೆಕ್ ಡ್ಯಾಮ್ ಅದೇ. ‘ಫ್ಲ್ಯಾಗ್’ ಅಂದ್ರೆ ಬಾವುಟ ಅಷ್ಟೇ ಅಲ್ಲ, ಬಳಲಿ ಕುಗ್ಗೋದು. ‘ಕ್ವಾಲಿಫೈಡ್’ ಹೊಗಳಿಕೆ ಅಂದ್ರೆ ಪೂರ್ತಿ ಹೊಗಳಿಕೆ ಅಲ್ಲ, ಷರತ್ತು ಹಾಕಿದ್ದು. ‘ಟೆಂಡರ್’ ಅಂದ್ರೆ ಇಂಗ್ಲಿಷಿನವರಿಗೆ ಮೊದಲು ಮೃದು ಅಂತ ಹೊಳೆಯುತ್ತಂತೆ, ಮುಂದಿಡುವುದು ಅನ್ನೋ ಅರ್ಥವನ್ನ ಅವರು ಕಷ್ಟಪಟ್ಟು ಕಲೀತಾರಂತೆ. ನಮಗೆ ಉಲ್ಟಾ. ರಸ್ತೆ ಟೆಂಡರ್, ಮರಳು ಟೆಂಡರ್, ಸಂತೆ ಸುಂಕದ ಟೆಂಡರ್ ಹುಟ್ಟಿದಾಗಿಂದ ಗೊತ್ತು. ಮೃದು ಅನ್ನೋ ಅರ್ಥ ಎಳನೀರು ಮಾರೋ ಬೋರ್ಡಿನಲ್ಲಿ ಮಾತ್ರ. ‘ಸ್ಯಾಂಕ್ಷನ್’ ಇನ್ನೂ ಮಜಾ. ಲೋನ್ ಸ್ಯಾಂಕ್ಷನ್ ಆಯ್ತು ಅಂದ್ರೆ ಒಪ್ಪಿಗೆ, ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರು ಅಂದ್ರೆ ದಂಡನೆ, ನಿರ್ಬಂಧ. ಒಂದೇ ಪದ, ಎದುರು ಬದುರು ಅರ್ಥ. ಅಪ್ಪ ಇದಕ್ಕೆ, ‘ಸರಿಯಾಗೇ ಇದೆ. ಲೋನ್ ಸ್ಯಾಂಕ್ಷನ್ ಆದವನಿಗೆ ಆಮೇಲೆ ಎರಡೂ ಒಂದೇ’ ಅಂದರು.

ನನ್ನ ಓದಿನ ಪದಗಳೂ ಅಲ್ಲಲ್ಲಿ ಕೈ ಹಿಡಿದವು. ಬಟ್ರೆಸ್, ಕಂಡ್ಯೂಟ್, ಡಕ್ಟೈಲ್, ಟರ್ಬಿಡ್ ಇವೆಲ್ಲ ಸಿವಿಲ್ ಎಂಜಿನಿಯರಿಗೆ ನೆಂಟರು. ಗೋಡೆಗೆ ಆನಿಸಿ ಕಟ್ಟೋ ಬಟ್ರೆಸ್ಸನ್ನ ವಾದಕ್ಕೂ ಕಟ್ಟಬಹುದು, ಕಲಕಿದ ನೀರನ್ನ ಹೇಳೋ ಟರ್ಬಿಡ್ ಅನ್ನ ಕಲಕಿದ ಬರವಣಿಗೆಗೂ ಹೇಳಬಹುದು, ಅಷ್ಟೇ.

ಎಚ್ಚರದಿಂದ ಇರಬೇಕಾದ್ದು ಮುಖ ನೋಡಿ ಮಣೆ ಹಾಕಬಾರದ ಪದಗಳ ಹತ್ತಿರ. ‘ಎನರ್ವೇಟ್’ ಅಂದ್ರೆ ಎನರ್ಜಿ ಕೊಡೋದಲ್ಲ, ಶಕ್ತಿ ಹೀರೋದು. ‘ನಾಯ್ಸಮ್’ಗೂ ಗಲಾಟೆಗೂ ಸಂಬಂಧವಿಲ್ಲ, ಅದು ದುರ್ವಾಸನೆ. ‘ರೆಸ್ಟಿವ್’ ಅಂದ್ರೆ ವಿಶ್ರಾಂತಿಯ ವಿರುದ್ಧ, ಚಡಪಡಿಕೆ. ‘ಡಿಸ್‌ಇಂಟರೆಸ್ಟೆಡ್’ ಅಂದ್ರೆ ಆಸಕ್ತಿ ಇಲ್ಲದವನು ಅಲ್ಲ, ಯಾರ ಪಕ್ಷವನ್ನೂ ವಹಿಸದವನು. ಇಂಥವಕ್ಕೆ ಅವ್ವ ಕೆಂಪು ದಾರ ಕಟ್ಟಿದ್ದಳು.

ಪಟ್ಟಿಯ ‘ಜೆ’ ಮತ್ತು ‘ಪಿ’ ಅಕ್ಷರಗಳ ಹತ್ತಿರ ಬಂದಾಗ ನಮ್ಮ ಮನೆಯ ಪಾತ್ರೆ ಪಗಡ ಬೇರೆಯವರ ಅಟ್ಟದಲ್ಲಿ ಸಿಕ್ಕ ಹಾಗಾಯ್ತು. ‘ಜಗರ್ನಾಟ್’ ಅಂದ್ರೆ ಅಡ್ಡ ಬಂದದ್ದನ್ನೆಲ್ಲ ತುಳಿದು ಸಾಗುವ ಶಕ್ತಿ. ಮೂಲ ಪುರಿಯ ಜಗನ್ನಾಥ, ಅವನ ತೇರು. ‘ಪಂಡಿಟ್’ ಅಂದ್ರೆ ಟಿವಿಯಲ್ಲಿ ಕೂತು ಚುನಾವಣೆ ಭವಿಷ್ಯ ಹೇಳೋರು. ಮೂಲ ನಮ್ಮ ಪಂಡಿತ. ಅವ್ವ ನಗ್ತಾ ನಗ್ತಾ ಮುಂದಿನ ಚೀಟಿ ತೆಗೆದಳು. ‘ಪರಾಯ’.

ಅರ್ಥ ಹೇಳ್ದೆ. ಸಮಾಜ ಹೊರಗಿಟ್ಟವನು, ಯಾರೂ ಹತ್ತಿರ ಸೇರಿಸದವನು, ಬಹಿಷ್ಕೃತ. ಮೂಲ ತಮಿಳು. ಪರೈ ಅಂದ್ರೆ ಒಂದು ಚರ್ಮವಾದ್ಯ, ಅದನ್ನ ಬಾರಿಸುವವರು ಪರೈಯರ್. ತಮಿಳುನಾಡಿನ ಒಂದು ಜಾತಿಯ ಹೆಸರು ಅದು. ಇಂಗ್ಲಿಷಿನವರು ಇಲ್ಲಿಗೆ ಬಂದು, ನೋಡಿ, ಆ ಹೆಸರನ್ನ ಹಾಗೇ ಎತ್ಕೊಂಡು ಹೋಗಿ ಲೋಕದ ಎಲ್ಲ ಹೊರಗಿಟ್ಟವರಿಗೂ ಅಂಟಿಸಿದರು. ಈಗ ಒಂದು ದೇಶ ಇನ್ನೊಂದರ ಜೊತೆ ವ್ಯಾಪಾರ ಬಿಟ್ಟರೂ ಪತ್ರಿಕೆಗಳು ಇದೇ ಪದ ಬರೀತವೆ.

ಅವತ್ತು ಭಾನುವಾರ, ಮೂವರೂ ಮನೆಯಲ್ಲೇ ಇದ್ದೆವು. ನಮ್ಮಜ್ಜ, ಅಪ್ಪನ ಅಪ್ಪ, ಊರ ಹಬ್ಬದಲ್ಲಿ ತಮಟೆ ಬಾರಿಸ್ತಿದ್ದರು. ದೇವರ ಮುಂದೆ ನಡೆಯೋದು ತಮಟೆ, ದೇವಸ್ಥಾನದ ಒಳಗೆ ಹೋಗದೇ ಇರೋದೂ ತಮಟೆಯವರೇ. ನಮ್ಮ ಕೇರಿಯ ಹೆಸರನ್ನ ಬೈಗುಳ ಮಾಡಿ ಬಳಸೋದನ್ನ ಶಾಲೆಯ ಆಟದ ಬಯಲಿನಲ್ಲಿ ಕೇಳಿಯೇ ನಾನು ದೊಡ್ಡವಳಾಗಿದ್ದು. ಒಂದು ಜಾತಿಯ ಹೆಸರು ಬೈಗುಳ ಆಗೋದಕ್ಕೆ ಬೇರೆ ಭಾಷೆ ಬೇಕಿಲ್ಲ. ಆದರೆ ಅದು ಸಮುದ್ರ ದಾಟಿ, ನಿಘಂಟು ಸೇರಿ, ‘ಅತ್ಯುನ್ನತ ಶಬ್ದಸಂಪತ್ತು’ ಅನ್ನೋ ತಲೆಬರಹದ ಪಟ್ಟಿಯೊಳಗಿಂದ ನನ್ನ ಕೈಗೇ ವಾಪಸ್ ಬಂದಿತ್ತು. ಇದನ್ನ ಕಲಿತರೆ ನನಗೆ ಅಂಕ.

ಅವ್ವ ಚೀಟಿಯನ್ನ ಡಬ್ಬಕ್ಕೂ ಹಾಕದೆ, ಕೆಳಗೂ ಇಡದೆ ಹಿಡ್ಕೊಂಡೇ ಇದ್ದಳು. ಅಪ್ಪ ಕೈ ಚಾಚಿ ಇಸ್ಕೊಂಡರು. ‘ಬಹಿಷ್ಕೃತ’ ಅಂತ ನಾನು ಬರೆದಿದ್ದನ್ನ ಓದಿ, ಗೋಡೆ ಮೇಲಿನ ಫೋಟೋ ಕಡೆ ತೋರಿಸಿ, ‘ಬಾಬಾಸಾಹೇಬರು ತಮ್ಮ ಪತ್ರಿಕೆಗೆ ಇದೇ ಹೆಸರಿಟ್ಟಿದ್ದರು, ಗೊತ್ತಾ’ ಅಂದರು. ನಿಜ. 1927ರಲ್ಲಿ ಶುರು ಮಾಡಿದ ಮರಾಠಿ ಪತ್ರಿಕೆ, ‘ಬಹಿಷ್ಕೃತ ಭಾರತ’. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ನಾನು ಹೋಗಬೇಕು ಅಂದಾಗ ಅಪ್ಪ ಒಂದೂ ಪ್ರಶ್ನೆ ಕೇಳದೆ ಒಪ್ಪಿದ್ದು ಆ ಫೋಟೋ ನೋಡಿಯೇ. ಆಮೇಲೆ ಅಪ್ಪ ಜೇಬಿನಿಂದ ಪೆನ್ನು ತೆಗೆದು ನಾನು ಬರೆದದ್ದರ ಕೆಳಗೆ ಇನ್ನೊಂದು ಸಾಲು ಬರೆದರು: ‘ತಮಟೆ ಬಾರಿಸುವವನು.’ ಮೂವತ್ತು ವರ್ಷ ಟಿಕೆಟ್ಟಿನ ಲೆಕ್ಕ ಬರೆದ ದುಂಡನೆ ಅಕ್ಷರ. ಬರೆದು ಅವ್ವನ ಕೈಗೆ ಕೊಟ್ಟು, ‘ಮುಂದಿನದು ಕೇಳು’ ಅಂದರು.

ಆ ರಾತ್ರಿ ನಮ್ಮ ಮನೆಯಲ್ಲಿ ಇನ್ನೊಂದು ಮಾತೂ ಬಂತು. ಇಂಗ್ಲಿಷಿನಲ್ಲಿ ಇಲ್ಲದ ನಮ್ಮ ಪದ ಯಾವುದು ಅಂತ. ಅವ್ವ ‘ಮುನಿಸು’ ಅಂದಳು. ಕೋಪವೂ ಅಲ್ಲ, ಪ್ರೀತಿ ಇದ್ದ ಕಡೆ ಮಾತ್ರ ಬರೋದು. ನಾನು ‘ಎಂಜಲು’ ಅಂದೆ. ಒಂದೇ ಪದದಲ್ಲಿ ಅದನ್ನ ಇಂಗ್ಲಿಷಿಗೆ ತರೋಕಾಗಲ್ಲ. ‘ಎಂಜಲು ಅವರಿಗೆ ಇಲ್ಲದೇ ಇರೋದೇ ಒಳ್ಳೇದು, ಮುನಿಸು ಬೇಕಾದ್ರೆ ತಗೊಳ್ಳಲಿ’ ಅಂದರು ಅಪ್ಪ.

ಪರೀಕ್ಷೆ ಬೆಂಗಳೂರಿನಲ್ಲೇ. ಗುರುತಿಗೆ ಪಾಸ್‌ಪೋರ್ಟ್ ಕಡ್ಡಾಯ, ಬೇರೆ ಕಾರ್ಡು ನಡೆಯಲ್ಲ. ವಾಚು, ಪರ್ಸು ಎಲ್ಲ ಹೊರಗಿನ ಬೀರುವಿನಲ್ಲಿಟ್ಟು ಒಳಗೆ ಹೋಗಬೇಕು. ಏನು ಕೇಳಿದರು ಅಂತ ಹೊರಗೆ ಹೇಳುವಂತಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟೇ ಕೂತದ್ದು. ಇಷ್ಟು ಮಾತ್ರ ಹೇಳಬಹುದು: ಒಂದೆರಡು ಕಡೆ ಪರದೆಯ ಮೇಲಿನ ಪದವನ್ನ ನಾನು ಓದಲಿಲ್ಲ, ರಾತ್ರಿ ಒಂಬತ್ತು ಗಂಟೆಯ ಫೋನಿನಲ್ಲಿ ಕೇಳಿದೆ. ತುಮಕೂರು ಜಿಲ್ಲೆಯ ಉಚ್ಚಾರಣೆಯಲ್ಲಿ. ಮುಗಿಸಿದ ಕೂಡಲೇ ಅಂಕ ಅಲ್ಲೇ ಕಾಣುತ್ತೆ. ಗಣಿತದಲ್ಲಿ 165, ವರ್ಬಲ್‌ನಲ್ಲಿ 156. ಪತ್ರಿಕೆಯಲ್ಲಿ ಫೋಟೋ ಹಾಕಿಸೋ ಅಂಕ ಅಲ್ಲ. ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಎರಡನೇ ಸಲ ಬರೀಬೇಕಾ?’ ಬೇಡ ಅಂದೆ. ‘ರೈಟ್’ ಅಂದರು.

ಇಷ್ಟೆಲ್ಲ ಕಲಿತ ಪದಗಳನ್ನ ದಿನಾ ಬಳಸ್ತೀಯಾ ಅಂತ ಗೆಳತಿಯರು ಕೇಳ್ತಾರೆ. ಇಲ್ಲ. ಅರ್ಜಿಯ ಜೊತೆ ಕಳಿಸೋ ಪತ್ರವನ್ನ ಬರೆದಾಗ ಪಟ್ಟಿಯ ಒಂದು ದೊಡ್ಡ ಪದವನ್ನೂ ಹಾಕಲಿಲ್ಲ. ನಮ್ಮ ಊರ ಕೆರೆ, ಕಟ್ಟು ಕಾಲುವೆ, ಸಾವಿರ ಅಡಿ ಬೋರ್‌ವೆಲ್ಲು ಇವನ್ನ ಹೇಳೋಕೆ ಸಣ್ಣ ಪದಗಳೇ ಸಾಕಾದವು. ಬದಲಾಗಿದ್ದು ಓದು. ಮೊದಲು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವಾಗ ಗೊತ್ತಿಲ್ಲದ ಪದವನ್ನ ಗುಂಡಿ ಬಿದ್ದ ರಸ್ತೆಯ ಹಾಗೆ ಸುತ್ತಿ ದಾಟ್ತಿದ್ದೆ. ಈಗ ನೇರವಾಗಿ ಹೋಗ್ತೀನಿ. ಯಾರಾದರೂ ಹೊಗಳ್ತಿದ್ದಾರೋ, ಹೊಗಳಿದ ಹಾಗೆ ಮಾಡಿ ಚುಚ್ತಿದ್ದಾರೋ ಅನ್ನೋದು ಗೊತ್ತಾಗುತ್ತೆ. ಮೀಟಿಂಗಿನಲ್ಲೂ ಹಾಗೇ. ಮೊನ್ನೆ ಪೈಪಿನ ವ್ಯಾಸದ ಲೆಕ್ಕ ಒಂದು ತಪ್ಪಾಗಿತ್ತು, ತಪ್ಪಾಗಿದೆ ಅಂತ ಹೇಳಿದೆ. ಅದಕ್ಕೆ ಬೇಕಾಗಿದ್ದದ್ದು ನಾಲ್ಕು ಸುಲಭದ ಪದ. ಆದರೆ ಆ ನಾಲ್ಕು ಪದ ಬಾಯಿಗೆ ಬರೋದಕ್ಕೆ ಹಿಂದೆ ಸಾವಿರ ಪದ ನಿಂತಿರಬೇಕಾಯ್ತು ಅನ್ಸುತ್ತೆ.

ಪ್ರಯತ್ನ ಮಾಡುವವರಿಗೆ ನನ್ನ ಅನುಭವದ ಮಾತು ಇಷ್ಟೇ. ದಿನಕ್ಕೆ ಹತ್ತು ಹೊಸ ಪದ ಸಾಕು, ಐವತ್ತು ಬೇಡ. ಅಕಾರಾದಿಯಾಗಿ ಕಲೀಬೇಡಿ, ಮಾತಿನವರೆಲ್ಲ ಒಂದು ಗುಂಪು, ಜಿಪುಣರೆಲ್ಲ ಒಂದು ಗುಂಪು ಮಾಡಿ, ಅವರೊಳಗಿನ ವ್ಯತ್ಯಾಸ ನೋಡಿ. ಪ್ರತಿ ಪದಕ್ಕೂ ನಿಮಗೆ ಗೊತ್ತಿರೋ ಒಬ್ಬ ಮನುಷ್ಯನನ್ನ ಹಚ್ಚಿ. ಅರ್ಥವನ್ನ ನಿಮ್ಮ ಮನೆಯ ಕನ್ನಡದಲ್ಲಿ ಬರ್ಕೊಳ್ಳಿ. ಮತ್ತೆ, ಕೇಳೋಕೆ ಒಬ್ಬರು ಬೇಕು. ಅವರಿಗೆ ಇಂಗ್ಲಿಷ್ ಬರಲೇಬೇಕು ಅಂತೇನಿಲ್ಲ.

ಒಂದು ವಿಶ್ವವಿದ್ಯಾಲಯದಿಂದ ಸೀಟು ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಕಾಯ್ತಾ ಇದ್ದೀನಿ. ಗುಂಡಿ ಡಬ್ಬ ಈಗ ನಮ್ಮ ಕೇರಿಯ ಒಬ್ಬ ಹುಡುಗನ ಹತ್ತಿರ ಇದೆ, ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾನೆ. ಹೋದ ವಾರ ಒಂದು ಚೀಟಿ ಹಿಡ್ಕೊಂಡು ಬಂದಿದ್ದ. ‘ಅಕ್ಕಾ, ಇದರಲ್ಲಿ ಎರಡು ಅರ್ಥ ಇದೆ, ಅಕ್ಷರವೂ ಬೇರೆ ಬೇರೆ. ಯಾವುದು ಓದ್ಕೊಳ್ಳಲಿ?’

ಪರೀಕ್ಷೆಗೆ ಮೇಲಿನದು ಅಂತ ಹೇಳಿದೆ. ಕೆಳಗಿನದು ಯಾರು ಬರೆದದ್ದು ಅಂತ ಕೇಳಿದ. ಜಗುಲಿಯಲ್ಲಿ ಕೂತಿದ್ದ ಅಪ್ಪನನ್ನ ತೋರಿಸಿದೆ, ಅವರನ್ನೇ ಕೇಳು ಅಂದೆ. ಹೋಗಿ ಪಕ್ಕದಲ್ಲಿ ಕೂತ. ದಿನಕ್ಕೆ ಹತ್ತು ಮಾತಿನ ನಮ್ಮಪ್ಪ ಅವತ್ತು ಕತ್ತಲಾಗೋ ತನಕ ಮಾತಾಡಿದರು.